ತಮಟೆಯ ಮುಖ ಯಾರ ಕಡೆಗೆ?

"ಇದು ಜನಕ್ಕೆ ಅರ್ಥವಾಗಲ್ಲ ಕಣ್ರಯ್ಯ. ಜೋಶಾಗಿ ಒಂದು ನಾಲ್ಕು ನಿಮಿಷ ಬಾರ್ಸಿ, ಕುಣೀರಿ, ಇಳೀರಿ."

ಹೀಗೆಂದವರು ಒಂದು ಉತ್ಸವದ ಸಂಘಟಕರು. ಹೆಸರು ಬೇಡ. ಹೆಸರು ಹೇಳಿದರೆ ಜಗಳ ಆ ಒಬ್ಬರ ಜೊತೆಗೆ ಮುಗಿದುಹೋಗುತ್ತದೆ. ನನ್ನ ಜಗಳ ಅಷ್ಟು ಸಣ್ಣದಲ್ಲ.

"ಇದರಲ್ಲಿ ಕಲೆ ಕಡಿಮೆ, ಘೋಷಣೆ ಜಾಸ್ತಿ. ಜನರನ್ನು ಮೆಚ್ಚಿಸುವ ಹಂಬಲ ಬಿಟ್ಟರೆ ಮುಂದೆ ಬರ್ತೀರಿ."

ಹೀಗೆಂದವರು ಅದಾಗಿ ಎರಡು ತಿಂಗಳಿಗೆ ಇನ್ನೊಂದು ಊರಿನ ಸ್ಪರ್ಧೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ತೀರ್ಪುಗಾರರು.

ಗೆಳೆಯರೆ, ಎರಡೂ ಕಡೆ ನಾವು ಬಾರಿಸಿದ್ದು ಒಂದೇ ತಮಟೆ, ಒಂದೇ ಪ್ರಸಂಗ. ಒಬ್ಬರಿಗೆ ಅದು ಜನರ ತಲೆಯ ಮೇಲೆ ಹಾರಿಹೋಗುವಂಥದ್ದು, ಇನ್ನೊಬ್ಬರಿಗೆ ಜನರ ಕಾಲಿಗೆ ಬೀಳುವಂಥದ್ದು. ಒಂದೇ ವಸ್ತು ಎರಡೂ ಹೇಗಾದೀತು? ಆಗುವುದು ಹೀಗೆ: ಇಬ್ಬರೂ ತಮಟೆ ಕೇಳಲಿಲ್ಲ. ಇಬ್ಬರೂ ತಮ್ಮ ತಲೆಯೊಳಗಿನ 'ಜನ' ಎಂಬುವರನ್ನು ಕೇಳಿಸಿಕೊಂಡರು. ಆ ಜನಕ್ಕೆ ಕಿವಿಯಿಲ್ಲ, ಬುದ್ಧಿಯಿಲ್ಲ, ನೆನಪಿಲ್ಲ. ಚಪ್ಪಾಳೆ ಹೊಡೆಯುವ ಎರಡು ಕೈ ಮಾತ್ರ ಇವೆ. ಒಬ್ಬರು ಆ ಕೈಗಳನ್ನು ಬೇಕು ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ. ಕೈಯ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತ ಇಬ್ಬರೂ ಒಪ್ಪುವುದಿಲ್ಲ.

ನಮ್ಮದು ಹೆಸರಿಡದ ತಂಡ. ಗೋಣಿಬೀಡಿನ ಸುತ್ತಲ ಕೇರಿಗಳ, ಲೈನ್ ಮನೆಗಳ ಹನ್ನೊಂದು ಜನ ಹುಡುಗ ಹುಡುಗಿಯರು. ಡಿಗ್ರಿ ಮುಗಿಸಿದವರು ಇಬ್ಬರು, ಅರ್ಧಕ್ಕೆ ಬಿಟ್ಟವರು ಮೂವರು, ಪಿಕಪ್ ಓಡಿಸುವವನೊಬ್ಬ, ಉಳಿದವರು ಕಾಫಿ ಹಣ್ಣು ಕುಯ್ಲಿಗೆ, ಮೆಣಸು ಬಿಡಿಸಲಿಕ್ಕೆ ಹೋಗುವವರು. ನಾವು ಕಟ್ಟಿದ ಪ್ರಸಂಗದ ಹೆಸರು 'ನೀರು'.

ಯಾಕೆ ನೀರು? 2021ರ ಮೇ ತಿಂಗಳಲ್ಲಿ ಗೋಣಿಬೀಡಿನ ಹೆಸರು ನಾಡಿನ ಪತ್ರಿಕೆಗಳಲ್ಲೆಲ್ಲ ಬಂತು. ಇಲ್ಲಿಯ ಪೊಲೀಸ್ ಠಾಣೆಯಲ್ಲಿ ತನ್ನನ್ನು ಹೊಡೆದರು, ನೀರು ಕೇಳಿದಾಗ ಮೂತ್ರ ಕುಡಿಯುವಂತೆ ಮಾಡಿದರು ಎಂದು ಒಬ್ಬ ದಲಿತ ಯುವಕ ದೂರು ಕೊಟ್ಟ. ಸಬ್ ಇನ್ಸ್‌ಪೆಕ್ಟರ್ ಅಮಾನತಾದರು. ತನಿಖೆ ಸಿಐಡಿಗೆ ಹೋಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂಧನವೂ ಆಯಿತು. ಆರೋಪದ ಇತ್ಯರ್ಥ ಕೋರ್ಟಿನ ಕೆಲಸ, ನನ್ನದಲ್ಲ. ಆದರೆ ಆ ದೂರಿನಲ್ಲಿದ್ದ 'ನೀರು' ಅನ್ನುವ ಒಂದು ಮಾತು ನಮ್ಮ ಕೇರಿಗಳಿಗೆ ಹೊಸದಾಗಿರಲಿಲ್ಲ. ಹೋಟೆಲಿನ ಹೊರಗೆ ಇಟ್ಟಿದ್ದ ಬೇರೆ ಲೋಟ, ಬಾವಿ ಹತ್ತಿರ ಬೊಗಸೆಗೆ ಮೇಲಿಂದ ಹುಯ್ಯುತ್ತಿದ್ದ ಚೆಂಬು, ತೋಟದಲ್ಲಿ ಮಧ್ಯಾಹ್ನದ ಹೊತ್ತು ಕೊಟ್ಟಿಗೆ ಪಕ್ಕದ ನಲ್ಲಿ. ಹೇಮಾವತಿ ಹುಟ್ಟಿ ಹರಿಯುವ ತಾಲೂಕು ಇದು. ಮಳೆ ಹೊಡೆದರೆ ತಿಂಗಳುಗಟ್ಟಲೆ ನಿಲ್ಲದ ಸೀಮೆ. ಇಲ್ಲಿ ನೀರು ಕೇಳಿದ ಬಾಯಿಯ ಕತೆಯನ್ನು ಮಾತಿಲ್ಲದೆ ತಮಟೆಯಲ್ಲಿ ಹೇಳಬೇಕು ಅನ್ನುವುದು ನಮ್ಮ ಹಟ.

ಹಾಗಾಗಿ ಪ್ರಸಂಗ ಸಾರುವ ಹೊಡೆತದಿಂದ ಶುರುವಾಗುತ್ತದೆ. ಜೋರಾಗಿ ಏರುತ್ತದೆ. ಏರಿದ ತುದಿಯಲ್ಲಿ ಹನ್ನೊಂದು ಜನರ ಇಪ್ಪತ್ತೆರಡು ಕೋಲು ಮೇಲೆದ್ದು ಅಲ್ಲೇ ನಿಲ್ಲುತ್ತವೆ. ಮನಸ್ಸಿನಲ್ಲಿ ಅರವತ್ತು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಒಬ್ಬ ಹುಡುಗಿ ಉಗುರಿನಿಂದ ಚರ್ಮ ಕೆರೆಯುತ್ತಾಳೆ. ಒಣಗಿದ ಗಂಟಲಿನ ಸದ್ದು. ಕೊನೆಗೆ ಸಾವಿನ ಹೊಡೆತ. ಒಟ್ಟು ಇಪ್ಪತ್ತೈದು ನಿಮಿಷ.

ಇದರ ಮೇಲೆ ನಮ್ಮೊಳಗೇ ಜಗಳ ಬಿತ್ತು. ಪಿಕಪ್ ಓಡಿಸುವ ಗೆಳೆಯ ಅಂದ: "ಜಾತ್ರೇಲಿ ಡಿಜೆ ಹಾಕಿದ್ರೆ ಸಾವ್ರ ಜನ ಕುಣೀತಾರೆ. ನಾಸಿಕ್ ಡೋಲಿನೋರು ಬಂದ್ರೆ ಊರೇ ಎದ್ದು ಬತ್ತದೆ. ನೀನು ಅರವತ್ತು ಎಣಿಸ್ತಾ ನಿಂತ್ರೆ ಮೂವತ್ತಕ್ಕೆ ಜನ ಗೋಬಿ ತಿನ್ನಾಕೆ ಹೋಗಿರ್ತಾರೆ." ಬೆಂಗಳೂರಿನಲ್ಲಿ ಎರಡು ವರ್ಷ ಇದ್ದು ಬಂದ ಇನ್ನೊಬ್ಬ ಗೆಳೆಯ ಅಂದ: "ಹೋಗೋರು ಹೋಗ್ಲಿ ಮಾರಾಯ. ಕಲೆ ಅಂದ್ರೆ ಅಷ್ಟೇ. ಎಲ್ಲರಿಗೂ ತಿಳೀಬೇಕು ಅಂತ ಬರೆದ್ರೆ ಅದು ಕ್ಯಾಲೆಂಡರ್."

ಈ ಎರಡನೆಯವನು ಮೊಬೈಲಿನಲ್ಲಿ ಅಮೆರಿಕದ ಡ್ರಮ್ ಕೋರ್ ತಂಡಗಳನ್ನು ತೋರಿಸಿದ. ನೂರೈವತ್ತರ ಹತ್ತಿರ ಯುವಕ ಯುವತಿಯರು ಫುಟ್‌ಬಾಲ್ ಮೈದಾನದ ತುಂಬ ಓಡುತ್ತ, ಆಕಾರ ಕಟ್ಟುತ್ತ, ಕಹಳೆ ಊದುತ್ತ ನಗಾರಿ ಹೊಡೆಯುತ್ತಾರೆ. ಒಂದು ಆಟ ಹನ್ನೆರಡು ನಿಮಿಷದಷ್ಟು. ಮೊದಲನೆ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳಲ್ಲಿ ಹುಟ್ಟಿದ ಈ ಪದ್ಧತಿಗೆ 1972ರಿಂದ ರಾಷ್ಟ್ರಮಟ್ಟದ ದೊಡ್ಡ ಚಾಂಪಿಯನ್‌ಶಿಪ್ ಇದೆ. 2012ರಲ್ಲಿ ಅದನ್ನು ಗೆದ್ದದ್ದು ಕ್ಯಾಲಿಫೋರ್ನಿಯಾದ ಬ್ಲೂ ಡೆವಿಲ್ಸ್ ತಂಡ. ಆಟದ ವಸ್ತು 1916ರಲ್ಲಿ ಜ್ಯೂರಿಕ್ ನಗರದಲ್ಲಿ ಹುಟ್ಟಿದ ದಾದಾ ಚಳವಳಿ. ಅಲ್ಲೂ ಇದೇ ಜಗಳವಂತೆ. ಹಳಬರು, ಮನೆಗೆ ಹೋಗುವಾಗ ಗುನುಗಲಿಕ್ಕೆ ಒಂದು ರಾಗ ಕೊಡ್ರಪ್ಪ ಅಂತಾರೆ. ಕಟ್ಟುವವರು, ನಾವು ಮುಂದೆ ಹೋಗಬೇಕು ಅಂತಾರೆ. ಯುದ್ಧಕ್ಕೆ ಉಗಿದು ಹುಟ್ಟಿದ ದಾದಾ ಕಡೆಗೆ ಮೈದಾನದಲ್ಲಿ ಅಂಕ ತಂದುಕೊಟ್ಟಿತು, ನೋಡಿ.

ನನಗೆ ಅದರಲ್ಲಿ ನಾಟಿದ್ದು ಬೇರೆ. ಆ ತಂಡ ಸೇರಲಿಕ್ಕೆ ಮಕ್ಕಳು ಸಾವಿರಾರು ಡಾಲರ್ ಶುಲ್ಕ ಕಟ್ಟುತ್ತಾರೆ. ಕಾಸು ಕೊಟ್ಟು ಬಾರಿಸುತ್ತಾರೆ! ನಮ್ಮ ಅಪ್ಪಂದಿರು ಬಾರಿಸಲಿಲ್ಲ ಅಂತ ಹೊಡೆಸಿಕೊಂಡವರು. ಅವರ ಜಗಳ ಅವರಿಗೆ ಇರಲಿ. ಆದರೆ ಅದೇ ಮಾತನ್ನು ತಂದು, ಜನಪ್ರಿಯವೋ ಕಲಾತ್ಮಕವೋ ಅಂತ ನಮ್ಮ ಕೇರಿಯ ಮುಂದೆ ಇಟ್ಟರೆ ಅದು ಮೋಸ. ಯಾಕೆಂದರೆ ನಮ್ಮಲ್ಲಿ ಬಾರಿಸುವವನು ತನ್ನ ಇಷ್ಟದಿಂದ ಬಾರಿಸಲಿಲ್ಲ, ಕೇಳುವವನು ಟಿಕೆಟ್ ತಗೊಂಡು ಕೇಳಲಿಲ್ಲ.

ಹಾಗಾದರೆ ನಮ್ಮ ಕೇಳುಗ ಯಾರು? ನನ್ನ ಅಜ್ಜಿಯನ್ನೇ ತಗೊಳ್ಳಿ. ಅಕ್ಷರ ಬಾರದು. ಒಲೆ ಮುಂದೆ ಕೂತು ರೊಟ್ಟಿ ತಟ್ಟುವಾಗ ಹಳ್ಳದ ಆಚೆಯಿಂದ ತಮಟೆ ಕೇಳಿದರೆ ಕೈ ನಿಲ್ಲಿಸೋಳು. "ಸಾವು" ಅನ್ನೋಳು. ಇನ್ನೊಂದು ಚೂರು ಕೇಳಿ "ಎತ್ತಿದ್ರು" ಅನ್ನೋಳು. ಹೆಣ ಮನೆಯಿಂದ ಎದ್ದದ್ದು ಅರ್ಧ ಮೈಲಿ ದೂರದಲ್ಲಿ ರೊಟ್ಟಿ ತಟ್ಟುವ ಕೈಗೆ ಗೊತ್ತು! ಮದುವೆಗೆ ಒಂದು ವರಸೆ, ಮಾರಿಗೆ ಒಂದು, ಸುಗ್ಗಿಗೆ ಒಂದು, ಡಂಗುರಕ್ಕೆ ಒಂದು, ಮಸಣದ ದಾರಿಗೆ ಒಂದು. ದಪ್ಪ ಕೋಲು ನಿಂತು ತೆಳು ಕೋಲು ಮಾತ್ರ ಆಡಿದರೆ ಅದಕ್ಕೆ ಬೇರೆ ಅರ್ಥ. ಇದು ವ್ಯಾಕರಣ ಅಲ್ಲದೆ ಮತ್ತೇನು? ಈ ವ್ಯಾಕರಣವನ್ನು ಹಾಲಿನ ಜೊತೆ ಕುಡಿದ ಜನರನ್ನು 'ಅವರಿಗೆ ಅರ್ಥವಾಗಲ್ಲ' ಎನ್ನುವವನ ಮುಖಕ್ಕೆ ಏನು ಹೇಳಬೇಕು? ಅವನಿಗೆ ಅರ್ಥವಾಗುವುದಿಲ್ಲ, ಅಷ್ಟೇ. ತನ್ನ ಕಿವುಡನ್ನು ಜನರ ಹೆಸರಿಗೆ ಬರೆಯುತ್ತಾನೆ.

ಆ ವ್ಯಾಕರಣವನ್ನು ಕತ್ತರಿಸಿದವರು ಯಾರು? ನಾಲ್ಕು ನಿಮಿಷ ಅಂತ ಗಡಿಯಾರ ಹಿಡಿದವರು. ರಾತ್ರಿಯಿಡೀ ನಡೆಯುತ್ತಿದ್ದುದನ್ನು ಮೆರವಣಿಗೆಗೆ ಹಾಕಿದವರು. ಮೈಸೂರಿನ ದಸರಾ ಮೆರವಣಿಗೆಯಲ್ಲಿ ತಮಟೆ ಉಂಟು, ಡೊಳ್ಳು ಉಂಟು, ಕಂಸಾಳೆ ಉಂಟು. ಗಣ್ಯರ ಮುಂದೆ ಹಾದುಹೋಗುವಷ್ಟು ಹೊತ್ತು ಉಂಟು. ಅಷ್ಟರಲ್ಲಿ ಏನು ಹೇಳಬಹುದು? ಲಾಗ ಹಾಕಬಹುದು, ಒಬ್ಬರ ಮೇಲೊಬ್ಬರು ಹತ್ತಬಹುದು, ಹಲ್ಲಿನಲ್ಲಿ ತಮಟೆ ಕಚ್ಚಿ ಎತ್ತಬಹುದು. ಆಮೇಲೆ ಇದೇ ಜನ 'ಜಾನಪದ ಅಂದರೆ ರಭಸ, ಆವೇಶ, ಮುಗ್ಧತೆ' ಅಂತ ಲೇಖನ ಬರೆಯುತ್ತಾರೆ. ಕಾಲು ಕಡಿದವರೇ ಕುಂಟನ ನಡಿಗೆಯ ಸೊಗಸು ವರ್ಣಿಸಿದಂತೆ.

2022ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಮ್ಮ ಕೇರಿಯಲ್ಲೂ ಸಂತೋಷಪಟ್ಟೆವು. ಚಿಕ್ಕಬಳ್ಳಾಪುರದ ಕಡೆಯ ಆ ಹಿರಿಯರ ಕೈಗೆ ಅದು ಸಲ್ಲಬೇಕಾದ್ದೇ. ಆದರೆ ಒಂದು ಕೈಗೆ ಪದಕ ಕೊಟ್ಟು ಉಳಿದ ಸಾವಿರ ಕೈಗಳಿಗೆ ಗಡಿಯಾರ ತೋರಿಸುವುದನ್ನು ಕಲೆಯ ಪೋಷಣೆ ಅಂತ ನಾವು ಒಪ್ಪಬೇಕಿಲ್ಲ.

ಇಲ್ಲಿ ಒಂದು ಕಷ್ಟದ ಮಾತು ಇದೆ. ಅದನ್ನು ಮುಚ್ಚಿಟ್ಟು ಮುಂದೆ ಹೋಗಲಾರೆ.

ನಮ್ಮಪ್ಪ ತಮಟೆ ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ನಾನು ಹುಟ್ಟುವ ಮೊದಲೇ ಗೂಟದಿಂದ ಇಳಿಸಿ ಒಲೆಗೆ ಹಾಕಿದರಂತೆ. ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲೇ. ಕಾಗದದಲ್ಲಿ ರದ್ದಾದದ್ದು ಊರ ಬಾಗಿಲಲ್ಲಿ ರದ್ದಾಗಲಿಲ್ಲ. ಸಾಹುಕಾರರ ಮನೆಯಲ್ಲಿ ಸತ್ತರೆ ಕರೆ ಬರುತ್ತಿತ್ತು. ಮಗಳಿಗೆ ಜ್ವರ ಇರಲಿ, ಹೆಂಡತಿಗೆ ಹೆರಿಗೆ ನೋವು ಇರಲಿ, ಹೋಗಿ ಬಾರಿಸಬೇಕು. ಕೂಲಿ ಅಂದರೆ ಒಂದು ಸೇರು ಅಕ್ಕಿ, ಅರ್ಧ ಬಾಟಲಿ. ಚಳವಳಿ ಬಂದ ಮೇಲೆ ಬಾರಿಸಲ್ಲ ಅಂದ ಕೇರಿಗಳಿಗೆ ಕೆಲಸ ನಿಂತಿತು, ಅಂಗಡಿ ಮುಚ್ಚಿತು, ದಾರಿ ಕಟ್ಟಿತು. ಆ ಬಹಿಷ್ಕಾರದ ಸುದ್ದಿ ಇವತ್ತಿಗೂ ಒಂದಲ್ಲ ಒಂದು ಜಿಲ್ಲೆಯಿಂದ ಬರುತ್ತಲೇ ಇದೆ. ತಮಿಳಿನ ಪರೈ ವಾದ್ಯದಿಂದ ಒಂದು ಜಾತಿಗೆ ಹೆಸರು ಬಂತು, ಆ ಜಾತಿಯ ಹೆಸರಿನಿಂದ ಇಂಗ್ಲಿಷಿನವರು 'ಪರಯ್ಯ' ಅನ್ನುವ ಬೈಗುಳ ಮಾಡಿಕೊಂಡು ಲೋಕದ ನಿಘಂಟಿಗೆಲ್ಲ ಹಂಚಿದರು. ವಾದ್ಯದ ಹೆಸರೇ ಹೊಲಸು ಎಂಬ ಅರ್ಥಕ್ಕೆ ಬಂದ ಉದಾಹರಣೆ ಬೇರೆ ಎಲ್ಲಾದರೂ ಇದೆಯೆ? ವೀಣೆಗೆ ಇದೆಯೆ? ಪಿಟೀಲಿಗೆ ಇದೆಯೆ?

ಹಾಗಾಗಿ ನಾನು ತಮಟೆ ಎತ್ತಿದ ದಿನ ಅಪ್ಪ ಒಂದು ವಾರ ಮಾತಾಡಲಿಲ್ಲ. "ನಿನ್ನನ್ನ ಓದಿಸಿದ್ದು ಈ ದರಿದ್ರ ಚರ್ಮ ಕಾಯ್ಸಕ್ಕಾ?" ಅಂದದ್ದು ಒಂದೇ ಮಾತು. ಆ ಪ್ರಶ್ನೆಗೆ ಉತ್ತರ ಕೊಡದ ಯಾವ ತಮಟೆ ತಂಡವೂ ಕಲೆಯ ಬಗ್ಗೆ ಬಾಯಿ ಬಿಡಬಾರದು. ಬೀದಿ ಮೆರವಣಿಗೆಯಲ್ಲಿ ನಾಲ್ಕು ನಿಮಿಷ ಲಾಗ ಹಾಕುವುದಾದರೆ ಅಪ್ಪ ಹೇಳಿದ್ದೇ ಸರಿ. ಯಜಮಾನ ಬದಲಾದ, ಚಾಕರಿ ಬದಲಾಗಲಿಲ್ಲ. ಅಕ್ಕಿಯ ಜಾಗದಲ್ಲಿ ಸರ್ಟಿಫಿಕೇಟು ಬಂತು.

ಇನ್ನು ಅತ್ತ ಕಡೆ ನೋಡಿ. ಸಭಾಂಗಣದಲ್ಲಿ ಮೃದಂಗ ನುಡಿಯುತ್ತದೆ. ಅದಕ್ಕೂ ಚರ್ಮವೇ, ದನದ ಚರ್ಮವೂ ಸೇರಿ. ಹದ ಮಾಡಿ ಬಿಗಿಯುವ ಕೈಗಳು ದಲಿತ ಕ್ರೈಸ್ತರವು. ಸಂಗೀತಗಾರ ಟಿ. ಎಂ. ಕೃಷ್ಣ ಅವರ ಬದುಕಿನ ಮೇಲೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ಬರೆದಾಗ, 2020ರಲ್ಲಿ, ಚೆನ್ನೈನ ಕಲಾಕ್ಷೇತ್ರ ಅದರ ಬಿಡುಗಡೆಗೆ ಕೊಟ್ಟಿದ್ದ ಜಾಗವನ್ನು ವಾಪಸು ತಗೊಂಡಿತು. ಚರ್ಮ ಒಳಗೆ ಬರಬಹುದು, ಚರ್ಮದ ಕತೆ ಬರಬಾರದು. ಅಲ್ಲಿ ಮೂರು ಗಂಟೆ ಕಚೇರಿ ನಡೆದರೆ ಯಾರೂ 'ಜನಕ್ಕೆ ಅರ್ಥವಾಗಲ್ಲ, ನಾಲ್ಕು ನಿಮಿಷಕ್ಕೆ ಮುಗಿಸಿ' ಅನ್ನುವುದಿಲ್ಲ. ಕೇಳುಗ ತಲೆಯಾಡಿಸಲಿಕ್ಕೆ ಕಲಿಯಬೇಕು ಅಂತಾರೆ. ಕಲಿಯುವ ಹೊಣೆ ಅಲ್ಲಿ ಕೇಳುಗನದು, ಇಲ್ಲಿ ಮಾತ್ರ ಕುಗ್ಗುವ ಹೊಣೆ ಬಾರಿಸುವವನದು!

ಜಟಿಲವಾದದ್ದು ಜನಸಾಗರಕ್ಕೆ ಮುಟ್ಟುವುದಿಲ್ಲ ಎನ್ನುವುದು ಶುದ್ಧ ಸುಳ್ಳು. ಪಕ್ಕದ ಕೇರಳದ ತ್ರಿಶೂರು ಪೂರಕ್ಕೆ ಹೋಗಿ ನೋಡಿ. ವಡಕ್ಕುನ್ನಾಥನ ಅಂಗಳದ ಇಲಂಜಿತ್ತರ ಮೇಳದಲ್ಲಿ ಸುಮಾರು 250 ಜನ ಚೆಂಡೆ, ತಾಳ, ಕೊಂಬು, ಕುಳಲು ಹಿಡಿದು ನಿಲ್ಲುತ್ತಾರೆ. ಎರಡು ಗಂಟೆಗೂ ಮಿಕ್ಕಿ ನಡೆಯುತ್ತದೆ. ನಿಧಾನವಾಗಿ ಶುರುವಾದದ್ದು ಹಂತ ಹಂತಕ್ಕೆ ಅರ್ಧಕ್ಕರ್ಧ ಕಿರಿದಾಗುತ್ತ ಏರುತ್ತದೆ. ಆ ಲೆಕ್ಕ ಸುಲಭದ್ದಲ್ಲ. ಆದರೂ ಲುಂಗಿ ಎತ್ತಿ ಕಟ್ಟಿದ ಸಾವಿರಾರು ಜನ ಹಂತ ಬದಲಾಗುವ ಜಾಗದಲ್ಲಿ ಒಟ್ಟಿಗೆ ಕೈ ಎತ್ತುತ್ತಾರೆ. ಯಾರು ಹೇಳಿಕೊಟ್ಟರು? ವರ್ಷ ವರ್ಷ ನಿಂತು ಕೇಳಿ ಕಲಿತರು. ಅವರಿಗೆ ಯಾರೂ ಕತ್ತರಿಸಿ ಕೊಡಲಿಲ್ಲ. ಆದರೆ ಗುಡಿಯೊಳಗಿನ ಚೆಂಡೆಗೆ ಹುಟ್ಟಿನಿಂದ ಹಕ್ಕು ಪಡೆದ ಜಾತಿಗಳಿವೆ, ಆ ಅಂಗಳಕ್ಕೆ ಪರೆಯ ವಾದ್ಯ ಸಲೀಸಾಗಿ ಬರುವ ಹಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಕೇಳುಗನನ್ನು ದೊಡ್ಡವನನ್ನಾಗಿ ಮಾಡಲು ಸಾಧ್ಯ ಎಂಬುದು ಅಲ್ಲಿನ ಪಾಠ. ಗುಡಿ ಮಾಡಬಲ್ಲದ್ದನ್ನು ಕೇರಿ ಯಾಕೆ ಮಾಡಬಾರದು?

ನಮ್ಮ ಚಳವಳಿಯ ಚರಿತ್ರೆಯಲ್ಲೇ ಇದಕ್ಕೆ ಉತ್ತರ ಇದೆ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ ನವ್ಯದ ಪಂಡಿತರು ಮೂಗು ಮುರಿದರು. ಕಾವ್ಯವಲ್ಲ, ಘೋಷಣೆ ಅಂದರು. ಆ ಹಾಡುಗಳು ಸೈಕಲ್ ಮೇಲೆ, ಲಾರಿ ಮೇಲೆ, ತಮಟೆಯ ಜೊತೆ ಕೇರಿಯಿಂದ ಕೇರಿಗೆ ಹೋದವು. ಅಕ್ಷರ ಬಾರದವರ ಬಾಯಲ್ಲಿ ಉಳಿದವು. ಆಮೇಲೆ ಅದೇ ಚಳವಳಿಯ ದೇವನೂರ ಮಹಾದೇವ 'ಕುಸುಮಬಾಲೆ' ಬರೆದರು. ಆಗ ಅದೇ ಪಂಡಿತರ ಪೈಕಿ ಕೆಲವರು, ನಮ್ಮವರೂ ಕೆಲವರು, ಅರ್ಥವಾಗಲ್ಲ ಅಂದರು. ನಂಜನಗೂಡು ಸೀಮೆಯ ಕೇರಿಯ ಮಾತು ಅದು, ರಾಗವಾಗಿ ಓದಿದರೆ ಯಾವ ಅಜ್ಜಿಗೂ ಗೊತ್ತಾಗುವಂಥದ್ದು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ಪಂಡಿತರಿಗೂ ಅರ್ಥವಾಯಿತು! ಗಮನಿಸಿ: ಸುಲಭ ಅನ್ನಿಸಿಕೊಂಡದ್ದೂ ನಮ್ಮದೇ, ಕಷ್ಟ ಅನ್ನಿಸಿಕೊಂಡದ್ದೂ ನಮ್ಮದೇ. ಎರಡೂ ಕೇರಿಯ ನಾಲಗೆಯಿಂದ ಬಂದವು, ಎರಡೂ ಕೇರಿಗೆ ಮುಖ ಮಾಡಿ ನಿಂತವು.

ಇದಕ್ಕೆ ಎದುರಾಗಿ ಇನ್ನೊಂದು ನಗಾರಿ ನೆನಪಾಗುತ್ತದೆ. ಶಿವರಾಮ ಕಾರಂತರ 'ಚೋಮನ ದುಡಿ' 1933ರದು. 1975ರಲ್ಲಿ ಬಿ. ವಿ. ಕಾರಂತರು ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ಚೋಮನ ಮಕ್ಕಳು ಸಾಲ ತೀರಿಸಲಿಕ್ಕೆ ಹತ್ತಿ ಬಂದದ್ದು ಘಟ್ಟದ ಕಾಫಿ ತೋಟಕ್ಕೇ, ಇಂಥ ಗುಡ್ಡಗಳಿಗೇ. ಒಬ್ಬ ಜ್ವರದಲ್ಲಿ ಸತ್ತ. ಮಗಳ ಮಾನ ಹೋದದ್ದೂ ತೋಟದಲ್ಲೇ. ಚೋಮ ಗುಡಿಸಲಿನಲ್ಲಿ ಕೂತು ದುಡಿ ಬಾರಿಸುತ್ತಾನೆ. ಯಾರಿಗಾಗಿ? ತನಗಾಗಿ. ಕೇಳುವವರಿಲ್ಲ. ಕತೆ ಮುಗಿಯುವಾಗ ಚೋಮನೂ ಇಲ್ಲ, ದುಡಿಯೂ ಇಲ್ಲ. ಆ ಕಾದಂಬರಿ ಮಾಡಿದ ಕೆಲಸವನ್ನು ನಾನು ಅಲ್ಲಗಳೆಯಲಾರೆ. ಆದರೆ ನಮ್ಮ ನಗಾರಿಯನ್ನು ನಾಡು ಮೆಚ್ಚಿದ್ದು ಅದು ಒಂಟಿಯಾಗಿ ಸಾಯುವಾಗ ಮಾತ್ರವಲ್ಲವೆ? ಹತ್ತು ಜನ ಸೇರಿ ಬಾರಿಸಿ ಇನ್ನೂರು ಜನ ಕೇಳುವ ದುಡಿಗೆ ಆ ಕತೆಯಲ್ಲಿ ಜಾಗವಿಲ್ಲ. ಒಂಟಿಯಾಗಿ, ಯಾರಿಗೂ ತಿಳಿಯದ ಹಾಗೆ ಬಾರಿಸುವುದೇ ಶ್ರೇಷ್ಠ ಕಲೆ ಎನ್ನುವ ನಮ್ಮ ಬೆಂಗಳೂರು ಗೆಳೆಯ ಗೊತ್ತಿಲ್ಲದೇ ಚೋಮನ ಗುಡಿಸಲಿಗೆ ವಾಪಸು ಹೋಗುತ್ತಿದ್ದಾನೆ.

ಈಗ ನಮ್ಮ ಸೋಲನ್ನೂ ಹೇಳುತ್ತೇನೆ. ಬೇರೆಯವರಿಗೆ ಬೈದು ನಮ್ಮ ಬೆನ್ನು ಮುಚ್ಚಿಕೊಂಡರೆ ಇದು ಬಂಡಾಯವಾಗುವುದಿಲ್ಲ.

ಉತ್ಸವ, ಸ್ಪರ್ಧೆ ಎರಡರಲ್ಲೂ ಉಗಿಸಿಕೊಂಡ ಮೇಲೆ ಒಂದು ಭಾನುವಾರ ಸಂಜೆ ತೋಟವೊಂದರ ಲೈನ್ ಮನೆಗಳ ಮುಂದಿನ ಕಣದಲ್ಲಿ 'ನೀರು' ಬಾರಿಸಿದೆವು. ಕುಯ್ಲಿನ ಕಾಲ. ಕಣದಲ್ಲಿ ಕಾಫಿ ಒಣಗುವ ವಾಸನೆ. ಹುಲ್ಲು ಹಚ್ಚಿ ತಮಟೆ ಕಾಯಿಸಿದೆವು. ಈಗ ಕಬ್ಬಿಣದ ಬಳೆಗೆ ಫೈಬರ್ ಹಾಳೆ ಬಿಗಿದ ತಮಟೆ ಸಿಗುತ್ತದೆ, ಕಾಯಿಸುವ ಹಂಗಿಲ್ಲ. ಆದರೆ ಉಗುರಿನಿಂದ ಕೆರೆದರೆ ಅದು ಬಾಯಾರಿದ ಸದ್ದು ಕೊಡುವುದಿಲ್ಲ, ಬಕೆಟ್ ಸದ್ದು ಕೊಡುತ್ತದೆ. ಎಂಬತ್ತು ತೊಂಬತ್ತು ಜನ ಸೇರಿದ್ದರು. ಅರ್ಧ ನಮ್ಮವರು, ಉಳಿದವರು ಅಸ್ಸಾಮಿನಿಂದ ಕೂಲಿಗೆ ಬಂದವರು. ಈಚಿನ ವರ್ಷಗಳಲ್ಲಿ ನಮ್ಮ ಲೈನ್ ಮನೆಗಳ ತುಂಬ ಅವರೇ.

ಕೋಲುಗಳು ಮೇಲೆದ್ದು ನಿಂತಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮೂವತ್ತಕ್ಕೆ ಯಾರೂ ಏಳಲಿಲ್ಲ. ನಲವತ್ತಕ್ಕೆ ಒಂದು ಮಗು ಅತ್ತಿತು, ತಾಯಿ ಮೊಲೆಗೆ ಹಿಡಿದಳು. ಅರವತ್ತು ಆಯಿತು. ಆ ಹುಡುಗಿ ಚರ್ಮ ಕೆರೆದಳು. ಮುಂದೆ ಕೂತಿದ್ದ ಒಬ್ಬ ಹೆಂಗಸು ಎದ್ದು ಒಳಗೆ ಹೋಗಿ ಒಂದು ಚೆಂಬು ನೀರು ತಂದು ಅವಳ ಮುಂದೆ ಇಟ್ಟಳು. ನಾವು ಯಾರೂ ಹೇಳಿಕೊಟ್ಟದ್ದಲ್ಲ ಅದು. ಜನಕ್ಕೆ ಅರ್ಥವಾಗಲ್ಲ ಅಂದವರು ಆ ಚೆಂಬಿನ ಬಗ್ಗೆ ಏನು ಹೇಳುತ್ತಾರೆ?

ಆದರೆ ಮುಗಿದ ಮೇಲೆ ವಿಮರ್ಶೆ ಶುರುವಾಯಿತು. ನಾವು ನಡುವೆ ಒಂದು ಏಳು ನಿಮಿಷದ ಭಾಗ ಸೇರಿಸಿದ್ದೆವು. ಲಯದ ಮೇಲೆ ಲಯ, ಒಬ್ಬ ಐದರಲ್ಲಿ, ಒಬ್ಬ ಏಳರಲ್ಲಿ. ನಮ್ಮ ಬುದ್ಧಿವಂತಿಕೆ ತೋರಿಸಬೇಕಿತ್ತು, ಸ್ಪರ್ಧೆಯ ಕುರ್ಚಿಗಳು ಕಣ್ಣಲ್ಲಿದ್ದವು. ಒಬ್ಬ ಮುದುಕಿ ಎಲೆಯಡಿಕೆ ಉಗಿದು ಅಂದಳು: "ಎಲ್ಲ ಚೆನಾಗಿತ್ತು. ಆ ನಡೂಕೆ ಮಾತ್ರ ನಿಮಗ್ ನೀವೇ ಬಾರ್ಸ್ಕಂತಿದ್ರಿ. ನಾವು ಹೊರಗೆ ಕೂತಂಗಾಯ್ತು." ಹೊರಗೆ ಕೂತಂಗಾಯ್ತು! ಹೊರಗೆ ಕೂರುವುದು ಅಂದರೆ ಏನು ಅಂತ ಬಲ್ಲವಳ ಮಾತು ಅದು. ತೀರ್ಪುಗಾರರ ಎರಡು ಪುಟದ ಟಿಪ್ಪಣಿಯಲ್ಲಿ ಇಲ್ಲದ್ದು ಆ ಒಂದು ಮಾತಿನಲ್ಲಿತ್ತು. ಅಸ್ಸಾಮಿನ ಒಬ್ಬ ಹುಡುಗ ಹರುಕು ಹಿಂದಿಯಲ್ಲಿ, ನಮ್ಮಲ್ಲೂ ಇಂಥ ಚರ್ಮದ ವಾದ್ಯ ಇದೆ, ನೀವು ನಿಂತಿರಲ್ಲ ಆ ಜಾಗ ನನಗೆ ಹಿಡಿಸಿತು ಅಂದ. ಕನ್ನಡದ ಒಂದಕ್ಷರ ಬಾರದವನು.

ಆಮೇಲೆ ಅಪ್ಪ. ಬರಲ್ಲ ಅಂದವರು ಕಣದ ಅಂಚಿನ ಸಿಲ್ವರ್ ಮರಕ್ಕೆ ಒರಗಿ ಕಡೆಯವರೆಗೂ ನಿಂತಿದ್ದರು. ಮನೆಗೆ ಬರುವ ದಾರಿಯಲ್ಲಿ ಬಹಳ ಹೊತ್ತಿನ ಮೇಲೆ ಅಂದರು: "ಎತ್ತೋ ಹೊಡ್ತ ತಪ್ಪು. ಹೆಣ ಎತ್ತೋವಾಗ ಹಂಗೆ ಓಡಲ್ಲ. ಹೆಗಲು ಸರಿ ಮಾಡ್ಕೊಳಕ್ಕೆ ಹೊತ್ತು ಕೊಡ್ಬೇಕು." ದಾರಿಯಲ್ಲೇ ನಿಂತು ತೊಡೆಯ ಮೇಲೆ ಬೆರಳಲ್ಲಿ ಹೊಡೆದು ತೋರಿಸಿದರು. ಮೂವತ್ತು ವರ್ಷ ಮುಟ್ಟದ ಕೈ.

ಈಗ ಆ ಏಳು ನಿಮಿಷ ಕಿತ್ತುಹಾಕಿದ್ದೇವೆ. ಸುಲಭವಾಗಲಿ ಅಂತ ಅಲ್ಲ. ಅದು ಸುಳ್ಳಾಗಿತ್ತು ಅಂತ. ಅರವತ್ತು ಎಣಿಕೆಯ ಮೌನ ಉಳಿಸಿಕೊಂಡಿದ್ದೇವೆ. ಕಷ್ಟವಾಗಲಿ ಅಂತ ಅಲ್ಲ. ಅದು ನಿಜ ಅಂತ. ಹೆಗಲು ಸರಿ ಮಾಡಿಕೊಳ್ಳುವ ಹೊಡೆತವನ್ನು ಅಪ್ಪನಿಂದ ಕಲಿಯುತ್ತಿದ್ದೇವೆ.

ಹಾಗಾಗಿ ಗೆಳೆಯರೆ, ಸುಲಭವೋ ಕಷ್ಟವೋ ಎಂಬ ಪ್ರಶ್ನೆಯನ್ನು ನಮಗೆ ಹಾಕಬೇಡಿ. ತಕ್ಕಡಿಯಲ್ಲಿ ಅತ್ತ ಜನ, ಇತ್ತ ಕಲೆ ಇಟ್ಟು ತೂಗುವ ವ್ಯಾಪಾರ ನಮ್ಮದಲ್ಲ. ಕೇಳಬೇಕಾದ ಪ್ರಶ್ನೆ ಇದು: ತಮಟೆಯ ಮುಖ ಯಾರ ಕಡೆಗೆ? ಮುಖ ಕೇರಿಯ ಕಡೆಗಿದ್ದರೆ ಎಷ್ಟು ಜಟಿಲವಾದದ್ದನ್ನೂ ಬಾರಿಸಿ, ಅರ್ಥವಾಗದ ಜಾಗವನ್ನು ಕೇರಿಯೇ ಬೆರಳಿಟ್ಟು ತೋರಿಸುತ್ತದೆ. ಮುಖ ಕುರ್ಚಿಯ ಕಡೆಗಿದ್ದರೆ ಎಷ್ಟು ಸುಲಭವಾದದ್ದನ್ನು ಬಾರಿಸಿದರೂ ಅದು ಊಳಿಗ.

ತಂಡ ಕಟ್ಟುವವರಿಗೆ, ತಂಡ ಕರೆಸುವವರಿಗೆ ನಾವು ಹೇಳುವುದು ಇಷ್ಟು. ಹೊಸದೇನು ಕಟ್ಟಿದರೂ ಮೊದಲು ಕೇರಿಯಲ್ಲಿ, ಲೈನ್ ಮನೆ ಮುಂದೆ ಬಾರಿಸಿ, ಆಮೇಲೆ ವೇದಿಕೆಗೆ ಹೋಗಿ. ಮುಗಿದ ಮೇಲೆ ಓಡಿಹೋಗಬೇಡಿ,ಕೂತು ಬೈಸಿಕೊಳ್ಳಿ. ಬಿಟ್ಟವರನ್ನು, ಸುಟ್ಟವರನ್ನು ಅವಮಾನಿಸಬೇಡಿ. ಅವರು ಯಾಕೆ ಬಿಟ್ಟರು ಎಂಬುದನ್ನು ಬಾರಿಸಿ. ಯಾರ ಮನೆಯ ಹೆಣಕ್ಕೂ ಕರೆ ಬಂತು ಅಂತ ಹೋಗಬೇಡಿ. ಸಾವಿನ ಹೊಡೆತ ಮಾತ್ರ ಮರೆಯಬೇಡಿ, ನಮ್ಮ ಸಭೆಗಳಲ್ಲಿ, ನಮ್ಮ ಸತ್ತವರಿಗೆ ಅದು ಬೇಕು. ಹೆಣ್ಣುಮಕ್ಕಳ ಕೈಗೆ ಕೋಲು ಕೊಡಿ. ಅಕ್ಕಿ ಬಾಟಲಿ ಬೇಡ, ಸರ್ಟಿಫಿಕೇಟೂ ಬೇಡ, ಕೂಲಿ ಕೊಡಿ, ಹೊತ್ತು ಕೊಡಿ. ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಿಮ್ಮ ಊರಿನ ತಮಟೆಯಲ್ಲಿ ಎಷ್ಟು ವರಸೆ ಇವೆ, ಯಾವುದಕ್ಕೆ ಏನು ಹೆಸರು ಅಂತ ಮಕ್ಕಳಿಂದ ಬರೆಸಿ. ಬಾರಿಸುವುದನ್ನು ಮಾತ್ರ ಕೇರಿಯ ಮಕ್ಕಳಿಗೇ ಅಂಟಿಸಬೇಡಿ. ಕೇಳುವುದನ್ನು ಎಲ್ಲ ಮಕ್ಕಳಿಗೂ ಕಲಿಸಿ.

ನಾಲ್ಕು ನಿಮಿಷ ಕೊಡುತ್ತೇವೆ ಎನ್ನುವ ಮಹನೀಯರೆ, ಮುಂದಿನ ಸಲ ಕರೆಯಿರಿ, ಬರುತ್ತೇವೆ. ನಿಮ್ಮ ನಾಲ್ಕು ನಿಮಿಷದಲ್ಲಿ ಒಂದು ನಿಮಿಷ ಕೋಲೆತ್ತಿ ಸುಮ್ಮನೆ ನಿಲ್ಲುತ್ತೇವೆ. ಉಳಿದ ಮೂರು ನಿಮಿಷ ಚರ್ಮ ಕೆರೆಯುತ್ತೇವೆ. ನಿಮ್ಮ ಮೊದಲ ಸಾಲಿನಿಂದ ಯಾರಾದರೂ ಎದ್ದು ಒಂದು ಚೆಂಬು ನೀರು ತರುತ್ತಾರೋ ನೋಡೋಣ.